ಕೆಳಗಿನ ಕೋರ್ಟಿಗಿಲ್ಲದ ಅಧಿಕಾರ

ಜೂನ್ ೪, ಮಂಗಳವಾರ

ಮತ್ತೆ ವಾಯಿದೆ. ಬೆಳಿಗ್ಗೆಯಿಂದ ಬೆಂಚು ಕಾದದ್ದು, ಊಟದ ಹೊತ್ತಿಗೆ ನಮ್ಮ ಕೇಸು ಕೂಗಿದ್ದು, ಅಪ್ಪ ಎದ್ದು ಅಂಗಿ ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದದ್ದು. ಎದುರು ಕಡೆ ವಕೀಲರು ಕೆಮ್ಮಿದರು, ಸಮಯ ಕೇಳಿದರು, ಸಿಕ್ಕಿತು. ಪ್ರತಿ ಸಲ ಇದೇ ಕ್ರಮ — ಮೊದಲು ಕೆಮ್ಮು, ಆಮೇಲೆ ಸಮಯ. ಅಪ್ಪ ಅವರಿಗೆ ಕೆಮ್ಮಪ್ಪ ಎಂದು ಹೆಸರಿಟ್ಟಿದ್ದಾನೆ.

ಕೆಳಗಿನ ಕೋರ್ಟು ನಿಜಕ್ಕೂ ಕೆಳಗೇ ಇದೆ, ಬಾಗಿಲು ದಾಟಿದ ಕೂಡಲೇ ಎಡಕ್ಕೆ. ಅಲ್ಲಿ ಸೋತವರು ಅಪೀಲು ಹಿಡಿದು ಮೂರನೇ ಮಹಡಿ ಹತ್ತಬೇಕು. ಲಿಫ್ಟ್ ಕೆಟ್ಟಿದೆ. ಅಪ್ಪ ಪ್ರತಿ ತಿರುವಿನಲ್ಲೂ ಗೋಡೆಯ ನೋಟೀಸು ಓದುವವನಂತೆ ನಿಲ್ಲುತ್ತಾನೆ. ನಾನೂ ಓದುವವಳಂತೆ ನಿಲ್ಲುತ್ತೇನೆ.

ಇಳಿಯುವಾಗ ನಮ್ಮ ವಕೀಲಮ್ಮ ಮತ್ತೊಮ್ಮೆ ಬಿಡಿಸಿ ಹೇಳಿದರು. ಅವರ ಲಾ ರಿಪೋರ್ಟುಗಳನ್ನೆಲ್ಲ ಬೈಂಡ್ ಮಾಡಿದ್ದು ಅಪ್ಪನೇ. ಆ ಋಣಕ್ಕೋ ಏನೋ, ನಮ್ಮ ಮೇಲೆ ತಾಳ್ಮೆ ಜಾಸ್ತಿ.

"ನೋಡಿ ಯಜಮಾನ್ರೇ, ನೀವು ಒಳ್ಳೆಯವರಾ, ಓನರ್ ಕೆಟ್ಟವನಾ, ಅವನಿಗೆ ಕಟ್ಟಡ ಬೇಕಾ ಬೇಡ್ವಾ — ಇದ್ಯಾವುದೂ ಈಗ ಪ್ರಶ್ನೆ ಅಲ್ಲ. ಕೆಳಗಿನ ಕೋರ್ಟಿಗೆ ವಾಸದ ಮನೆ ಖಾಲಿ ಮಾಡ್ಸೋ ಅಧಿಕಾರ ಇದೆ. ಕೆಲಸದ ಜಾಗ ಖಾಲಿ ಮಾಡ್ಸೋ ಅಧಿಕಾರ ಇಲ್ಲ. ಅದಕ್ಕೆ ಬೇರೆ ಕೋರ್ಟಿದೆ. ನಿಮ್ದು ಬೈಂಡಿಂಗ್ ನಡೆಯೋ ಜಾಗ. ಅಂದ್ಮೇಲೆ ಅವರು ಕೊಟ್ಟ ಆರ್ಡರ್ರು ಆರ್ಡರ್ರೇ ಅಲ್ಲ."

"ಹಂಗಾದ್ರೆ ನಮ್ಮನ್ನ ಆಚೆ ಹಾಕಿದ್ದು ತಪ್ಪಲ್ಲ, ಹಾಕಿದ ಬಾಗಿಲು ತಪ್ಪು ಅನ್ನಿ," ಅಂದ ಅಪ್ಪ.

"ಅಷ್ಟೇ. ಸದ್ಯಕ್ಕೆ ಬಾಗಿಲಷ್ಟೇ ನಮ್ಮ ವಾದ."

ಮನೆಗೆ ಬಂದಾಗ ಅಮ್ಮ ಹೊಸಿಲಲ್ಲೇ ನಿಂತಿದ್ದಳು. "ಏನಾಯ್ತೂಂದ್ರೆ?"

"ಕೆಮ್ಮಿದ್ರು."

ಅವಳಿಗೆ ಅರ್ಥವಾಯಿತು. ಒಳಗೆ ಹೋಗಿ ಕಾಫಿಗೆ ಇಟ್ಟಳು.

ಜೂನ್ ೭, ಶುಕ್ರವಾರ

ಇಡೀ ದಿನ ಹೊಲಿಗೆ. ಯಾವುದೋ ಆಫೀಸಿನ ರಿಜಿಸ್ಟರುಗಳು. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು ಪುಸ್ತಕದ ಬೆನ್ನಿಗೆ ದಬ್ಬಳ ಚುಚ್ಚುತ್ತ ಕೂತಿದ್ದೇನೆ. ಬೇಸರವಿಲ್ಲ. ಒಳಗಿರುವುದನ್ನು ಓದುವಾಗ ಯಾರಾದರೂ ಅಭಿಪ್ರಾಯ ಕೇಳುತ್ತಾರೆ. ಹೊಲಿಯುವಾಗ ಯಾರೂ ಕೇಳುವುದಿಲ್ಲ.

ಮಧ್ಯಾಹ್ನ ಬ್ರೋಕರ್ ಜೊತೆ ಒಂದು ಜಾಗ ನೋಡಿ ಬಂದೆವು. ಅಕಸ್ಮಾತ್ ಸೋತರೆ ಎಂದು. ಮೊದಲನೇ ಮಹಡಿ, ಗಾಳಿ ಬೆಳಕು ಚೆನ್ನಾಗಿದೆ. ಅಪ್ಪ ನೆಲಕ್ಕೆ ಹಿಮ್ಮಡಿ ಬಡಿದು ನೋಡಿದ. "ನಮ್ ಕಟಿಂಗ್ ಮಷಿನ್ ಇಲ್ಲಿಟ್ರೆ ಸಂಜೆಯೊಳಗೆ ಕೆಳಗಿನ ಮನೆಯವ್ರ ಜೊತೆ ಊಟಕ್ಕೆ ಕೂತಿರತ್ತೆ ಸ್ವಾಮಿ."

ಇದು ನಾವು ನೋಡಿದ ಎಷ್ಟನೆಯ ಜಾಗವೋ. ನೆಲಮಟ್ಟದಲ್ಲಿ ಸಿಗುವುದೆಲ್ಲ ಅಂಗಡಿಗಳ ಸಾಲಿನದು, ನಮ್ಮ ಕೈಗೆಟುಕುವುದಿಲ್ಲ. ಮಷಿನ್ ಎರಕದ ಕಬ್ಬಿಣ. ಅಪ್ಪ ಮದುವೆಗೂ ಮೊದಲು ಕೊಂಡದ್ದು, ಮುಂದಿನ ಕೋಣೆಯ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಕೂರಿಸಿದ್ದು. ಅದಿಲ್ಲದೆ ಪುಸ್ತಕದ ಅಂಚು ಕತ್ತರಿಸಲು ಬರುವುದಿಲ್ಲ. ಅಂಚು ಕತ್ತರಿಸದ ಪುಸ್ತಕವನ್ನು ಯಾರೂ ಒಯ್ಯುವುದಿಲ್ಲ. ಅಪೀಲು ಬಿದ್ದುಹೋದರೆ, ಸದ್ಯಕ್ಕೆ ಖಾಲಿ ಮಾಡಿಸದಂತೆ ಕೊಟ್ಟಿರುವ ಸ್ಟೇ ಹೋಗುತ್ತದೆ, ಸ್ಟೇ ಹೋದರೆ ಕೋರ್ಟಿನ ಅಮೀನ ಬೀಗ ಹಿಡಿದು ಬರುತ್ತಾನೆ. ಆಮೇಲೆ ಮಷಿನ್ ಗುಜರಿಗೆ. ಅಪ್ಪ? ಅದನ್ನು ನಾವು ಮೂವರೂ ಬಾಯಿಬಿಟ್ಟು ಆಡಿಲ್ಲ.

ಹಳೇ ಓನರ್ ಇದ್ದಷ್ಟು ದಿನ ಇದು ಮನೆಯೋ ವರ್ಕ್‌ಶಾಪೋ ಎಂಬ ಪ್ರಶ್ನೆಯೇ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಮಷಿನ್, ಪ್ರೆಸ್ಸು, ಮೇಜು. ನಡುಕೋಣೆಯಲ್ಲಿ ಹೊಲಿಗೆ. ಹಿಂದಿನ ಕೋಣೆಯಲ್ಲಿ ಕಾಗದದ ರೀಮುಗಳು, ಅವುಗಳ ಪಕ್ಕ ನಮ್ಮ ಹಾಸಿಗೆ. ಸೆಕೆಯ ದಿನಗಳಲ್ಲಿ ಮಷಿನ್ ಪಕ್ಕದಲ್ಲೇ ಮಲಗುತ್ತೇವೆ, ಕಿಟಕಿ ಇರುವುದು ಅಲ್ಲಿ ಮಾತ್ರ. ಅಡುಗೆಯ ಒಲೆಯಲ್ಲೇ ಅಂಟೂ ಕುದಿಯುತ್ತದೆ. ಎರಡು ಪಾತ್ರೆ ಅದಲುಬದಲಾಗದಂತೆ ಅಮ್ಮ ಒಂದಕ್ಕೆ ಕೆಂಪು ದಾರ ಕಟ್ಟಿದ್ದಾಳೆ.

ಹಳೇ ಓನರ್ ಹೋದ ಮೇಲೆ ಮಗ ಬಂದ. ಸಣ್ಣ ಓನರ್. ಇದನ್ನು ಕೆಡವಿ ನಾಲ್ಕು ಮಹಡಿ ಎತ್ತಬೇಕಂತೆ. ದಾವೆಯಲ್ಲಿ "ವಾಸದ ಮನೆ" ಎಂದು ಬರೆಸಿದ, ಅದು ಬೇಗ ಮುಗಿಯುವ ಕೋರ್ಟು ಎಂದು. ಆಗಿನ ನಮ್ಮ ವಕೀಲರೂ ಹ್ಞೂಂ ಅಂದುಬಿಟ್ಟರು. ಬೇಗ ಮುಗಿಯಿತು, ಎರಡೇ ವರ್ಷದಲ್ಲಿ.

ಜೂನ್ ೨೦, ಗುರುವಾರ

ಇವತ್ತು ನಿಜವಾದ ವಾದ. ಆಶ್ಚರ್ಯ.

ಕೆಮ್ಮಪ್ಪ ಹೇಳಿದ್ದು: ಕೆಳಗೆ ಎರಡು ವರ್ಷ ಸುಮ್ಮನಿದ್ದವರು ಸೋತ ಮೇಲೆ ಅಧಿಕಾರದ ಮಾತು ತೆಗೆದರೆ ಹೇಗೆ ಸ್ವಾಮಿ?

ವಕೀಲಮ್ಮ ಹೇಳಿದ್ದು: ಇಲ್ಲದ ಅಧಿಕಾರವನ್ನು ಕಕ್ಷಿದಾರರು ಸುಮ್ಮನಿದ್ದು ದಾನ ಕೊಡಲಾಗುವುದಿಲ್ಲ ಸ್ವಾಮಿ.

ಜಡ್ಜ್ ಇಬ್ಬರನ್ನೂ ನೋಡಿದರು. ತುಂಬ ನಿದ್ದೆಗೆಟ್ಟ ಮುಖ. "ಒಬ್ಬರು ಮನೆ ಅಂತೀರಿ, ಒಬ್ಬರು ವರ್ಕ್‌ಶಾಪ್ ಅಂತೀರಿ. ಜಾಗ ಅಲ್ಲೇ ಇದೆಯಲ್ಲ. ಯಾರಾದರೂ ಹೋಗಿ ನೋಡಿಕೊಂಡು ಬರಲಿ." ಕಮಿಷನರ್ ನೇಮಕ. ಒಬ್ಬ ಕಿರಿಯ ವಕೀಲರು ಬಂದು, ನೋಡಿ, ವರದಿ ಕೊಡುತ್ತಾರೆ. ಬರುವ ದಿನ ಮೊದಲೇ ತಿಳಿಸುತ್ತಾರೆ.

ಮೆಟ್ಟಿಲಲ್ಲಿ ವಕೀಲಮ್ಮ ಹುರುಪಿನಲ್ಲಿದ್ದರು. "ಗೆದ್ದ ಹಾಗೇ. ಕಣ್ಣಿದ್ದವರು ಯಾರೇ ಬರಲಿ, ನಿಮ್ಮ ಬಾಗಿಲಲ್ಲಿ ನಿಂತರೆ ಸಾಕು. ಮೊದಲು ಮೂಗಿಗೆ ಅಂಟು, ಆಮೇಲೆ ಕಣ್ಣಿಗೆ ಮಷಿನ್."

ಅಪ್ಪ ಇವತ್ತು ಒಂದೇ ಒಂದು ನೋಟೀಸು ಓದಿದ.

ಜೂನ್ ೨೯, ಶನಿವಾರ. ಸಂಜೆ

ಕಮಿಷನರ್ ಬಂದು ಹೋದರು.

ಅಮ್ಮ ಗುರುವಾರವೇ ಶುರು ಮಾಡಿದ್ದಳು. ನಮ್ಮಲ್ಲಿ ಯಾರಾದರೂ ಬರುತ್ತಾರೆಂದರೆ ಹಾಗೆಯೇ, ಹಾಲಿನವನ ಅತ್ತಿಗೆ ಬಂದರೂ ಸರಿ. ರೀಮುಗಳೆಲ್ಲ ಹಿತ್ತಲಿನ ಶೆಡ್ಡಿಗೆ. ಹೊಲಿಗೆಯ ಚೌಕಟ್ಟು ಅಟ್ಟಕ್ಕೆ. ಅಂಟಿನ ಪಾತ್ರೆ ಉಜ್ಜಿ ಬೋರಲು. ನೆಲದ ಮೇಲಿನ ಅಂಟಿನ ಕಲೆಗಳನ್ನು ಅಮ್ಮ ಚಾಕುವಿನಿಂದ ಕೆರೆದಳು, ನಾನು ಒರೆಸಿದೆ. ಕತ್ತರಿಸಿದ ಕಾಗದದ ಚೂರುಗಳನ್ನು ಮೂಟೆ ಕಟ್ಟಿ ಹೊರಗೆ ಹಾಕಿದೆವು. ಮಷಿನ್ ಮೇಲೆ ಹೂವಿನ ಬೆಡ್‌ಶೀಟು. ಅದರ ಮೇಲೊಂದು ಹೂದಾನಿ — ಇದು ಅಮ್ಮನ ಕೊನೆಯ ಗಳಿಗೆಯ ಉಪಾಯ. ಕಿಟಕಿಗೆ ಪರದೆ ಹಾಕಿದ್ದು ನಾನು. ಅಪ್ಪ ಸೀಮೆಎಣ್ಣೆಯಲ್ಲಿ ಕೈ ತೊಳೆದು ಉಗುರಿನ ಸಂದಿಯ ಅಂಟು ತೆಗೆದ, ಇಸ್ತ್ರಿಯ ಅಂಗಿ ಹಾಕಿದ. "ಕೋರ್ಟಿನವ್ರು ಬರ್ತಿರೋದು, ನಾವೇನು ಕೊಳಕರು ಅಂದ್ಕೋಬಾರ್ದು ನೋಡು."

ಕಮಿಷನರ್ ಅಂದರೆ ದೊಡ್ಡವರು ಅಂದುಕೊಂಡಿದ್ದೆ. ನನಗಿಂತ ಒಂದೆರಡು ವರ್ಷ ಹೆಚ್ಚಿರಬಹುದು, ಅಷ್ಟೆ. ಕಿವಿ ಕೆಂಪಗೆ. ಕೂರಿ ಅಂದರೆ ಕುರ್ಚಿಯ ಅಂಚಿನಲ್ಲಿ ಕೂತರು. ಸಣ್ಣ ಓನರ್ ಕೂಡ ಬಂದಿದ್ದ. ಬಾಗಿಲಲ್ಲಿ ಕೈಕಟ್ಟಿ ನಿಂತು ಸುತ್ತ ನೋಡಿದ, ಮತ್ತೊಮ್ಮೆ ನೋಡಿದ. ಆಮೇಲೆ ಅವನ ಮುಖದಲ್ಲಿ ಮೂಡಿದ್ದು ನಗುವೂ ಅಲ್ಲ, ಒಂಥರಾ ದಿಗ್ಭ್ರಮೆ.

ಅಮ್ಮ ಕಾಫಿ ಕೊಟ್ಟಳು. ಕಮಿಷನರ್ ಕುಡಿದು, "ಮನೆ ತುಂಬ ಚೆನ್ನಾಗಿ ಇಟ್ಕೊಂಡಿದೀರಮ್ಮ," ಅಂದರು. ಅಮ್ಮನ ಮುಖ ಅರಳಿತು. ಎಷ್ಟೋ ದಿನದಿಂದ ಅವಳಿಗೆ ಯಾರೂ ಇಂಥ ಮಾತು ಹೇಳಿರಲಿಲ್ಲ.

ಬೆಡ್‌ಶೀಟಿನ ತುದಿ ಎತ್ತಿ, "ಇದೇನು?" ಅಂದರು.

"ಕಟಿಂಗ್ ಮಷಿನ್ ಸಾರ್. ಎರಡು ದಿನದಿಂದ ನಿಲ್ಸಿದೀವಿ. ತಾವು ಬರ್ತೀರಾಂತ." ಅಪ್ಪನ ದನಿಯಲ್ಲಿ ಮರ್ಯಾದೆ.

ಅವರು ಬರೆದುಕೊಂಡರು. ಅಚ್ಚಾದ ಹಾಳೆಗಳ ಫಾರಂಗಳನ್ನು ತಿರುಗುಮುರುಗಾಗಿ ಜೋಡಿಸಿ ಜೋಡಿಸಿ ನನಗೆ ತಲೆಕೆಳಗಾದ ಅಕ್ಷರ ಓದುವುದು ನೀರು ಕುಡಿದಷ್ಟು ಸುಲಭ. ಓದಿದೆ. "ಯಂತ್ರ ಒಂದು. ಬಟ್ಟೆ ಹೊದಿಸಿದೆ. ಬಳಕೆಯಲ್ಲಿಲ್ಲ."

ಆಗ ಗೊತ್ತಾಯಿತು ನಾವೇನು ಮಾಡಿದ್ದೇವೆ ಎಂದು. ಶೆಡ್ಡು ತೋರಿಸಬೇಕು, ಅಟ್ಟ ತೋರಿಸಬೇಕು, ಮಾತಾಡಬೇಕು. ನಾನು ಮಾಡಿದ್ದು ಇಷ್ಟೇ: ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಈಚೆ ಬರುವಷ್ಟರಲ್ಲಿ ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಅಮ್ಮ ಇನ್ನೂ ಹೇಳುತ್ತಿದ್ದಾಳೆ, ಒಳ್ಳೆ ಹುಡುಗ, ಎಷ್ಟು ವಿನಯ ಎಂದು. ಹೇಗೆ ಹೇಳಲಿ.

ಜುಲೈ ೯, ಮಂಗಳವಾರ

ವರದಿಯ ನಕಲು ಸಿಕ್ಕಿತು. ಒಂದೂವರೆ ಪುಟ. "ಸ್ವಚ್ಛವಾಗಿ ನಿರ್ವಹಿಸಲಾದ ವಾಸದ ಮನೆ. ಯಾವುದೇ ಕೆಲಸ ನಡೆಯುತ್ತಿರುವ ಗುರುತು ಕಂಡುಬರಲಿಲ್ಲ."

ವಕೀಲಮ್ಮ ಓದಿ ತಲೆಗೆ ಕೈ ಹಚ್ಚಿದರು. ಆಮೇಲೆ ನಕ್ಕರು, ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಅಮ್ಮಾ, ಬಂದವರು ಬೀಗರಲ್ಲಮ್ಮಾ, ಕಮಿಷನರ್ರು! ಹೂದಾನಿ ಬೇರೆ ಇಟ್ರಾ? ವರದೀಲಿ ಹೂದಾನಿ ಇದೆ!"

"ನೀವು ಹೇಳ್ಳಿಲ್ವಲ್ಲ," ಅಂದಳು ಅಮ್ಮ ಮೆಲ್ಲಗೆ.

"ಏನಂತ ಹೇಳ್ಲಿ? ಮನೆ ಗುಡಿಸ್ಬೇಡಿ ಅಂತ ಇಪ್ಪತ್ತು ವರ್ಷದ ಪ್ರಾಕ್ಟೀಸಲ್ಲಿ ಯಾರಿಗೂ ಹೇಳಿಲ್ಲ ನಾನು."

ಬಸ್ಸಿನಲ್ಲಿ ಅಮ್ಮ ಕಿಟಕಿಯ ಹೊರಗೇ ನೋಡುತ್ತಿದ್ದಳು. ಅಪ್ಪ ಸಮಾಧಾನಕ್ಕೆಂದು, "ಅಲ್ವೇ, ಒಂದು ಲೆಕ್ಕಕ್ಕೆ ಕೋರ್ಟೇ ಸರ್ಟಿಫಿಕೇಟ್ ಕೊಟ್ಟಿದೆ, ನಿನ್ನ ಮನೆ ಸ್ವಚ್ಛ ಅಂತ," ಅಂದ.

"ನಿಮ್ಮ ಹಾಸ್ಯಾನ ಆ ಮಷಿನ್‌ಗೆ ಕೊಟ್ಟು ಕತ್ತರಿಸಿ," ಅಂದಳು. ಊಟ ಮಾಡಲಿಲ್ಲ.

ಜುಲೈ ೧೭, ಬುಧವಾರ

ವಕೀಲಮ್ಮ ವರದಿಗೆ ಆಕ್ಷೇಪಣೆ ಹಾಕಿದ್ದರು. ಕೆಮ್ಮಪ್ಪ ಎದ್ದು, "ಅತಿಥಿ ಬಂದರೆಂದು ಕಾರ್ಖಾನೆಯನ್ನೇ ಬಚ್ಚಿಟ್ಟೆವು ಎನ್ನುತ್ತಾರೆ ಸ್ವಾಮಿ, ಇದು ಯಾವ ಕಾನೂನಿನ ಪುಸ್ತಕದಲ್ಲಿದೆ?" ಎಂದರು. ಕೋರ್ಟಿನಲ್ಲಿ ನಗು. ನಾನು ನೆಲ ನೋಡಿದೆ.

ಜಡ್ಜ್ ನಗಲಿಲ್ಲ. ಅಪ್ಪನನ್ನು ಮುಂದೆ ಕರೆದರು. "ಕೈ ತೋರಿಸಿ." ಅಪ್ಪ ಎರಡೂ ಅಂಗೈ ಚಾಚಿದ. ಎಡಗೈಯ ನಡುಬೆರಳಿನ ತುದಿ ಇಲ್ಲ, ಬಹಳ ಹಿಂದೆ ಮಷಿನ್‌ಗೆ ಹೋದದ್ದು. ಅವರು ಒಂದು ಕ್ಷಣ ನೋಡಿ ಬರೆದರು. ಎರಡನೇ ಪರಿಶೀಲನೆ, ಅದೇ ಕಮಿಷನರ್. ಈ ಸಲ ಯಾವ ಪಕ್ಷಕ್ಕೂ ಮುನ್ಸೂಚನೆ ಇಲ್ಲದೆ.

ವಕೀಲಮ್ಮ ಮೆಟ್ಟಿಲಲ್ಲೇ ಅಮ್ಮನ ಭುಜ ಹಿಡಿದು ನಿಲ್ಲಿಸಿದರು. "ಇವತ್ತಿಂದ ಮನೇಲಿ ಒಂದು ಕಡ್ಡಿ ಎತ್ತಿಡಬೇಡಿ. ಕಸ ಗುಡಿಸಬೇಡಿ. ಹಾಸಿಗೆ ಕಣ್ಣಿಗೆ ಬೀಳಬಾರ್ದು. ಯಾವತ್ತು ಬರ್ತಾರೋ ಗೊತ್ತಿಲ್ಲ. ಬಂದಾಗ ಅದು ಬೈಂಡಿಂಗ್ ಶಾಪಾಗಿರ್ಬೇಕು."

"ನಾವು ಎಲ್ಲಿರೋದು?" ಅಂದಳು ಅಮ್ಮ.

ವಕೀಲಮ್ಮ ಫೈಲು ಎತ್ತಿಕೊಂಡು ಮತ್ತೆ ಮೇಲೆ ಹತ್ತಿದರು. ಮುಂದಿನ ಕೇಸಿನವರು ಅವರನ್ನು ಕರೆಯುತ್ತಿದ್ದರು.

ಜುಲೈ ೨೫, ಗುರುವಾರ

ಹಾಸಿಗೆಗಳು ಅಡುಗೆಮನೆಯ ಅಟ್ಟದಲ್ಲಿ. ರಾತ್ರಿ ಇಳಿಸುವುದು, ಬೆಳಕು ಹರಿಯುವ ಮೊದಲೇ ಏರಿಸುವುದು. ಮೂವರೂ ಒಲೆಯ ಪಕ್ಕ ಒತ್ತೊತ್ತಾಗಿ. ಬಟ್ಟೆ ಇಲ್ಲಿ ಒಣಹಾಕುವಂತಿಲ್ಲ, ಪಕ್ಕದ ಮನೆಯ ತಂತಿಗೆ ಹಾಕುತ್ತೇವೆ. ಚೂರು ಕಾಗದ ಮೊಣಕಾಲುದ್ದ. ಅಮ್ಮ ಅದರಲ್ಲಿ ನೀರಿನಲ್ಲಿ ನಡೆಯುವವಳಂತೆ ಕಾಲೆತ್ತಿ ನಡೆಯುತ್ತಾಳೆ.

ಬಾಗಿಲಲ್ಲಿ ಸದ್ದಾದರೆ ಸಾಕು, ಅಪ್ಪ ಓಡಿ ಹೋಗಿ ಮಷಿನ್ ಚಕ್ರ ಹಿಡಿಯುತ್ತಾನೆ. ಇವತ್ತು ಬಂದದ್ದು ಕರೆಂಟು ಬಿಲ್ಲಿನವನು. "ಏನ್ ಯಜಮಾನ್ರೇ, ಭಾರೀ ಕೆಲಸ?" ಅಂದ. ಅಪ್ಪ ಬೆವರುತ್ತ, "ಹ್ಞೂಂ, ಪುರುಸೊತ್ತೇ ಇಲ್ಲ," ಅಂದ. ಮಷಿನ್ನಿನ ಕೆಳಗೆ ಕಾಗದವೇ ಇರಲಿಲ್ಲ.

ಕಾಗದ ಎಲ್ಲಿಂದ ಬರಬೇಕು? ಥೀಸಿಸ್‌ಗಳ ಕಾಲ ಮುಗಿದಿದೆ. ಕೇಸಿನ ಸುದ್ದಿ ತಿಳಿದು ಆಫೀಸಿನವರು ರಿಜಿಸ್ಟರುಗಳನ್ನು ಬೇರೆ ಕಡೆ ಕೊಟ್ಟಿದ್ದಾರೆ. ನಾಳೆ ನೀವು ಇರ್ತೀರೋ ಇಲ್ವೋ ಅಂದರಂತೆ. ಅವರದೂ ತಪ್ಪಲ್ಲ.

ಆಗಸ್ಟ್ ೩, ಶನಿವಾರ

ಮಷಿನ್ ನಡೆಯುತ್ತಿರಬೇಕಲ್ಲ, ಯಾರೂ ಮಾಡಲು ಹೇಳದ ಪುಸ್ತಕಗಳನ್ನು ಮಾಡುತ್ತಿದ್ದೇವೆ. ಉಳಿದ ರೀಮುಗಳನ್ನು ಮಡಿಚಿ, ಹೊಲಿದು, ರಟ್ಟು ಹಾಕಿ, ಅಂಚು ಕತ್ತರಿಸಿ. ಖಾಲಿ ಪುಸ್ತಕಗಳು. ಮೇಜಿನ ಮೇಲೆ ಗೋಡೆಯ ಹಾಗೆ ಏರುತ್ತಿವೆ. ಅಪ್ಪ ಮಾತ್ರ ಒಂದೊಂದನ್ನೂ ಮದುವೆಯ ಕೆಲಸ ಎಂಬಂತೆ ಮಾಡುತ್ತಾನೆ. ನಿನ್ನೆ ಒಂದರ ಬೆನ್ನು ಸ್ವಲ್ಪ ಸೊಟ್ಟಗಿತ್ತೆಂದು ನನ್ನ ಕೈಯಲ್ಲಿ ಬಿಚ್ಚಿಸಿ ಮತ್ತೆ ಹೊಲಿಸಿದ.

"ಯಾರ್ ನೋಡ್ತಾರಪ್ಪ?"

"ಯಾರೂ ನೋಡಲ್ಲ. ಬಿಚ್ಚು."

ಅಮ್ಮನಿಗೆ ಕೆಮ್ಮು. "ಈಗ ನಾನೂ ಸಮಯ ಕೇಳ್ಬಹುದು," ಅಂತಾಳೆ. ಅಪ್ಪ ನಗಲಿಲ್ಲ.

ಆಗಸ್ಟ್ ೯, ಶುಕ್ರವಾರ

ಕಮಿಷನರ್ ಇವತ್ತೂ ಬರಲಿಲ್ಲ. ಡಾಕ್ಟರು ಅಮ್ಮನ ಎದೆ ಬೆನ್ನು ಎಲ್ಲ ಆಲಿಸಿ, ಕಾಗದದ ಧೂಳು ಅಂದರು. ಮನೆ ಸ್ವಚ್ಛವಾಗಿಟ್ಟುಕೊಳ್ಳಿ ಅಂದರು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು.

ಆಗಸ್ಟ್ ೧೪, ಬುಧವಾರ. ಮಧ್ಯಾಹ್ನ

ಬಂದರು. ಈಗಷ್ಟೇ ಹೋದರು. ಮರೆಯುವ ಮೊದಲೇ ಬರೆಯುತ್ತೇನೆ.

ಅಪ್ಪ ವಕೀಲಮ್ಮನ ಆಫೀಸಿಗೆ ಹೋಗಿದ್ದ. ಅಮ್ಮನಿಗೆ ಬೆಳಿಗ್ಗೆಯಿಂದ ಜ್ವರ ಏರಿ ಉಸಿರಿಗೆ ಕಷ್ಟವಾಗುತ್ತಿತ್ತು. ಅಡುಗೆಮನೆಯಲ್ಲಿ ಗಾಳಿ ಇಲ್ಲ. ಇವತ್ತೊಂದು ದಿನ ಏನಾಗುತ್ತದೆ ಎಂದು ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ, ಮಷಿನ್ ಪಕ್ಕ ಹಾಸಿಗೆ ಹಾಕಿದ್ದೆ. ಅವಳು ಬೇಡ ಬೇಡ ಎನ್ನುತ್ತಲೇ ಮಲಗಿ ಮಂಪರಿಗೆ ಜಾರಿದ್ದಳು.

ಬಾಗಿಲಲ್ಲಿ ಅದೇ ಕೆಂಪು ಕಿವಿಗಳು. ಜೊತೆಗೆ ಕೋರ್ಟಿನ ಜವಾನ.

ಅಮ್ಮ ಕಣ್ಣು ಬಿಟ್ಟಳು. ಬಿಟ್ಟವಳೇ ಎದ್ದು ಕೂತು ಹಾಸಿಗೆ ಮಡಚಲು ಹೊರಟಳು. ಕೈಯಲ್ಲಿ ಶಕ್ತಿಯಿಲ್ಲ, ಆದರೂ ಚಾದರದ ತುದಿ ಹಿಡಿದು ಎಳೆಯುತ್ತಿದ್ದಾಳೆ. "ಒಂದ್ ನಿಮಿಷ ಸ್ವಾಮಿ, ಒಂದೇ ನಿಮಿಷ, ತೆಗೆದ್ಬಿಡ್ತೀನಿ..."

ಅವಳ ಕೈ ಹಿಡಿದೆ. ಸುಡುತ್ತಿತ್ತು. "ಇರ್ಲಿ ಬಿಡಮ್ಮ. ಮಲಕೋ."

"ಅಲ್ಲ ಕಣೇ, ವಕೀಲಮ್ಮ..."

"ಮಲಕೋ ಅಂದ್ನಲ್ಲ."

ಇಷ್ಟು ಜೋರಾಗಿ ನಾನು ಅವಳಿಗೆ ಯಾವತ್ತೂ ಹೇಳಿಲ್ಲ. ಮಲಗಿದಳು.

ಕಮಿಷನರ್ ಹೊಸಿಲಲ್ಲೇ ನಿಂತಿದ್ದರು. ಕಾಗದದ ಚೂರಿನಲ್ಲಿ ಕಾಲಿಡಲೋ ಬೇಡವೋ ಎಂದು. ಸುತ್ತ ನೋಡಿದರು. "ಹೋದ ಸಲ ನಾನು ಬಂದಿದ್ದು... ಇದೇ ಜಾಗಾನಾ?"

"ಇದೇ."

"ಯಾರು ಮಲಗ್ತಾರೆ ಇಲ್ಲಿ?"

ಹೇಳಬೇಕಾದದ್ದನ್ನು ವಕೀಲಮ್ಮ ಕಲಿಸಿದ್ದರು. ಯಾರೂ ಮಲಗುವುದಿಲ್ಲ, ಕೆಲಸಕ್ಕೆ ಮಾತ್ರ. ಅಮ್ಮ ಹಾಸಿಗೆಯಿಂದ ನನ್ನನ್ನೇ ನೋಡುತ್ತಿದ್ದಳು. ಹಾಗೆಂದರೆ ಅವಳು ಯಾರು?

"ನಾವೇ ಮಲಗ್ತೀವಿ," ಅಂದೆ. "ಇಲ್ಲಿ ಕೆಲಸ ಮಾಡ್ತೀವಿ. ಸುಸ್ತಾದ್ರೆ ಇಲ್ಲೇ ಮಲಗ್ತೀವಿ. ಎದ್ದು ಮತ್ತೆ ಕೆಲಸ ಮಾಡ್ತೀವಿ. ಹೋದ ಸಲ ನೀವು ಬರ್ತೀರ ಅಂತ ಎಲ್ಲಾ ಹಿತ್ತಲಿಗೆ ಸಾಗಿಸಿದ್ವಿ. ನಾಚಿಕೆಗೆ."

ಬರೆದುಕೊಂಡರು. ತಲೆಕೆಳಗಾಗಿ ಓದಬಹುದಿತ್ತು. ಓದಲಿಲ್ಲ.

"ಈ ಮಷಿನ್ ನಡೆಯುತ್ತಾ?"

ಖಾಲಿ ಪುಸ್ತಕಗಳ ಒಂದು ಕಟ್ಟು ತೆಗೆದು ಅಲಗಿನ ಕೆಳಗಿಟ್ಟೆ. ಕಟ್ಟನ್ನು ಒತ್ತಿ ಹಿಡಿಯುವ ಬಿಗಿ ತಿರುಗಿಸಿದೆ. ಚಕ್ರಕ್ಕೆ ಇಡೀ ಮೈಯ ಭಾರ ಹಾಕಬೇಕು, ನನ್ನ ಕಾಲು ನೆಲ ಬಿಡುತ್ತದೆ. ಅಲಗು ಇಳಿದಾಗ ನೆಲ ಅದುರಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅಂಚು ನೂಲಿನ ಹಾಗೆ ಉದುರಿತು. ಕಟ್ಟನ್ನು ಅವರ ಕೈಗೆ ಕೊಟ್ಟೆ. ಕತ್ತರಿಸಿದ ಕಡೆ ಹೆಬ್ಬೆರಳು ಆಡಿಸಿ ನೋಡಿದರು, ಎಲ್ಲರೂ ಹಾಗೇ ಮಾಡುತ್ತಾರೆ. ವಾಪಸ್ ಕೊಟ್ಟರು.

ಶೆಡ್ಡು, ನಡುಕೋಣೆ, ಅಟ್ಟ, ಒಲೆಯ ಮೇಲಿನ ಎರಡು ಪಾತ್ರೆ — ಎಲ್ಲ ನೋಡಿದರು. ಹೊರಡುವಾಗ ಜವಾನ, "ಅಮ್ಮಂಗೆ ಬಿಸಿನೀರಿನ ಹಬೆ ಕೊಡಮ್ಮ," ಅಂದ. ಕಮಿಷನರ್ ಏನೋ ಹೇಳಲು ಬಾಯಿ ತೆರೆದರು. ಹೇಳಲಿಲ್ಲ. ಆ ಕಷ್ಟ ನನಗೆ ಗೊತ್ತು.

ಅಪ್ಪನಿಗೆ ಏನು ಹೇಳಲಿ? ನಿಜ ಹೇಳಿ ಕೇಸು ಹಾಳು ಮಾಡಿದೆ ಅಂತಲೇ?

ಸೆಪ್ಟೆಂಬರ್ ೫, ಗುರುವಾರ

ಅಮ್ಮ ಆಸ್ಪತ್ರೆಯಿಂದ ಬಂದು ಒಂದು ವಾರವಾಯಿತು. ಬರೆಯಲು ಆಗಿರಲಿಲ್ಲ.

ಇವತ್ತು ವಾದ. ಹೊಸ ವರದಿಯಲ್ಲಿ ನನ್ನ ಮಾತು ಆಡಿದ್ದು ಆಡಿದ ಹಾಗೇ ಇದೆ. ಕೆಮ್ಮಪ್ಪ ಅದನ್ನು ಜೋರಾಗಿ ಓದಿದರು. "ಮಗಳೇ ಒಪ್ಪಿದ್ದಾಳೆ ಸ್ವಾಮಿ, ಇಲ್ಲೇ ಮಲಗುತ್ತೇವೆ ಎಂದು! ಮಲಗುವ ಜಾಗ ಮನೆಯಲ್ಲದೆ ಮತ್ತೇನು?" ವಕೀಲಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎದ್ದು, ಆ ವಾಕ್ಯದ ಹಿಂದಿನದನ್ನೂ ಮುಂದಿನದನ್ನೂ ಓದಿ ಕೂತರು. ಅಷ್ಟೇ.

ಆದೇಶಕ್ಕೆ ಕಾಯ್ದಿರಿಸಿದ್ದಾರೆ.

ಅಪ್ಪ ಇಳಿಯುವಾಗ ತಿರುವಿನಲ್ಲಿ ನಿಂತ. ಈ ಸಲ ನೋಟೀಸು ಓದುವ ನಾಟಕವಿಲ್ಲ. "ನೀನು ಹೇಳಿದ್ದು ಸರಿ ಇತ್ತು," ಅಂದ. "ಸೋತ್ರೂ ಸರಿ ಇತ್ತು." ಮತ್ತೆ ಇಳಿದ.

ಸೆಪ್ಟೆಂಬರ್ ೨೬, ಗುರುವಾರ

ಗೆದ್ದೆವು.

ಜಡ್ಜ್ ಓದಿದ್ದು ಎರಡೇ ನಿಮಿಷ. ಕೆಲಸದ ಜಾಗದಲ್ಲಿ ಕೆಲಸಗಾರರು ಮಲಗುವರೆಂಬ ಮಾತ್ರಕ್ಕೆ ಅದು ವಾಸದ ಮನೆಯಾಗುವುದಿಲ್ಲ. ಕೆಳಗಿನ ನ್ಯಾಯಾಲಯಕ್ಕೆ ವಿಚಾರಣೆಯ ಅಧಿಕಾರವೇ ಇರಲಿಲ್ಲ. ತೆರವಿನ ಆದೇಶ ರದ್ದು. ದಾವೆಯನ್ನು ಸೂಕ್ತ ನ್ಯಾಯಾಲಯದಲ್ಲಿ ಹೂಡಲು ವಾದಿಗೆ ಹಿಂದಿರುಗಿಸಲಾಗಿದೆ.

ವಕೀಲಮ್ಮ ನನ್ನ ಬೆನ್ನಿಗೊಂದು ಗುದ್ದಿದರು. "ಮಾತೇ ಆಡದವಳು ಬಾಯಿಬಿಟ್ಟಿದ್ದು ಒಂದ್ಸಲ, ಅದು ಜಡ್ಜ್‌ಮೆಂಟಲ್ಲಿ ಕೂತ್ಕೊಂಡ್ತಲ್ಲೇ!"

ಅಪ್ಪ ಕೇಳಿದ, "ಹಂಗಾದ್ರೆ ಮುಗೀತಾ?"

"ಇದು ಮುಗೀತು."

"ಇದು ಅಂದ್ರೆ?"

"ಇನ್ನು ಅವನು ಆ ಕೋರ್ಟಲ್ಲಿ ಹಾಕ್ತಾನೆ ಯಜಮಾನ್ರೇ. ಮೊದಲಿಂದ. ಹಾಕ್ಲಿ ಬಿಡಿ, ವರ್ಷಗಟ್ಟಲೆ ಹಿಡಿಯತ್ತೆ."

ಅಪ್ಪ ತಲೆಯಾಡಿಸಿದ. ಹಿಂದೆ ಸಣ್ಣ ಓನರ್ ಇಳಿದು ಬರುತ್ತಿದ್ದ. ಅಪ್ಪನ ಪಕ್ಕ ಬಂದು ನಿಂತ. ಸಿಟ್ಟಿರಲಿಲ್ಲ. "ನಿಮ್ಮ ದೆಸೆಯಿಂದ ನನ್ನ ತಲೇಲಿ ಒಂದು ಕೂದಲು ಉಳಿದಿಲ್ಲ ನೋಡಿ ಅಣ್ಣ."

"ನನ್ನ ತಲೇಲಿ ಮೊದಲೇ ಇರ್ಲಿಲ್ಲ. ಉದುರೋ ತೊಂದರೆ ನಿನಗೇ."

ಇಬ್ಬರೂ ಒಂದೇ ಕಂಬಿ ಹಿಡಿದು ಇಳಿದರು. ಕೆಳಗೆ ಬಂದು ಬೇರೆ ಬೇರೆ ಕಡೆ ಹೋದರು.

ಮನೆಯಲ್ಲಿ ಅಮ್ಮ ದಿಂಬಿಗೊರಗಿ ಕೂತಿದ್ದಳು. "ಏನಾಯ್ತೂಂದ್ರೆ?"

"ಗೆದ್ವಿ." ಬಸ್ಸು ತಪ್ಪಿತು ಎನ್ನುವ ದನಿಯಲ್ಲಿ ಹೇಳಿದ.

ಅಕ್ಟೋಬರ್ ೧೪, ಸೋಮವಾರ

ಹೊಸ ಕೋರ್ಟಿನ ಸಮನ್ಸ್ ಬಂತು. ನಾನೇ ಸಹಿ ಹಾಕಿ ತೆಗೆದುಕೊಂಡೆ. ದಾವೆಯ ಪ್ರತಿಯನ್ನು ಮೂವರೂ ಕೂತು ಓದಿದೆವು. ಸಣ್ಣ ಓನರ್ ಈ ಸಲ ಜಾಣನಾಗಿದ್ದಾನೆ. ಮೇಲಿನ ಕೋರ್ಟು ಇದನ್ನು ಕೆಲಸದ ಜಾಗ ಎಂದು ತೀರ್ಮಾನಿಸಿದೆ. ಒಪ್ಪಿದೆ. ಕೆಲಸಕ್ಕೆ ಕೊಟ್ಟ ಜಾಗದಲ್ಲಿ ಪ್ರತಿವಾದಿ ಸಂಸಾರ ಹೂಡಿದ್ದಾನೆ, ಅನುಮತಿಯಿಲ್ಲದೆ ವಾಸ ಮಾಡುತ್ತಿದ್ದಾನೆ. ಅದೊಂದೇ ಕಾರಣ ಸಾಕು, ಖಾಲಿ ಮಾಡಿಸಿ. ಆಧಾರ: ಕಮಿಷನರ್ ವರದಿ, ಪ್ರತಿವಾದಿಯ ಮಗಳ ಹೇಳಿಕೆ.

ಅಪ್ಪ ಎರಡು ಸಲ ಓದಿಸಿದ. ಆಮೇಲೆ ವಕಾಲತ್ತಿಗೆ ಸಹಿ ಹಾಕಿದ. ಕನ್ನಡಕ ಹುಡುಕಲೇ ಇಲ್ಲ. ಎಲ್ಲಿ ಹಾಕಬೇಕೆಂದು ಈಗ ಕೈಗೇ ಗೊತ್ತು.

"ಬಿಟ್ಬಿಡೋಣ ಅಂತೀರಾ?" ಅಂದಳು ಅಮ್ಮ.

"ಬಿಟ್ಟು?"

ಅಪ್ಪ ಮುಂದಿನ ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ಮಷಿನ್ ಸದ್ದು. ಒಂದು ಕಾಲೇಜಿನವರು ಮ್ಯಾಗಜೀನ್ ಬೈಂಡಿಂಗ್ ಕೊಟ್ಟಿದ್ದಾರೆ, ಶನಿವಾರಕ್ಕೆ ಬೇಕಂತೆ.

ಅಕ್ಟೋಬರ್ ೧೬, ಬುಧವಾರ. ಮಧ್ಯಾಹ್ನ

ವಕೀಲಮ್ಮ ಫೋನ್ ಮಾಡಿದ್ದರು. ಉತ್ತರ ಪತ್ರ ಬರೆಯಬೇಕು, ಮೊದಲ ಪ್ಯಾರಾದಲ್ಲಿ ಜಾಗದ ವಿವರ. "ಅದನ್ನ ನೀನೇ ಬರ್ಕೊಂಡ್ ಬಾ. ನನಗಿಂತ ಚೆನ್ನಾಗಿ ಗೊತ್ತು ನಿನಗೆ. ಯಾವ್ಯಾವ ಕೋಣೇಲಿ ಏನೇನು ನಡೆಯತ್ತೆ ಅಂತ."

"ಮೇಡಂ, ಅಮ್ಮ ಈಗ ಹಿಂದಿನ ಕೋಣೇಲಿ..." ಅಂದೆ. ಡಾಕ್ಟರು ಹೇಳಿದ ಮೇಲೆ ಅಲ್ಲಿಂದ ರೀಮುಗಳನ್ನೆಲ್ಲ ತೆಗೆದು, ಧೂಳ ಒರೆಸಿ, ಅವಳಿಗೆ ಮಂಚ ಹಾಕಿದ್ದೇವೆ, ಅಲ್ಲಿ ಈಗ ಕೆಲಸವೇ ನಡೆಯುವುದಿಲ್ಲ. ಗೋಡೆ ಒಡೆದು ಸಣ್ಣದೊಂದು ಕಿಟಕಿ ಬೇರೆ, ಅಪ್ಪನ ಕೈಕೆಲಸ.

"ಸುಳ್ಳು ಬರೀಬೇಡ ಮರಿ. ಬೇಕಾದ್ದಷ್ಟೇ ಬರಿ," ಅಂದರು. ಅವರ ದನಿಯೂ ದಣಿದಿತ್ತು.

ಕರಡು ಇಲ್ಲೇ ಮಾಡುತ್ತೇನೆ. ಆಮೇಲೆ ನಕಲು.

ಮುಂದಿನ ಕೋಣೆಯಲ್ಲಿ ಪುಸ್ತಕಗಳ ಅಂಚು ಕತ್ತರಿಸುವ ಮತ್ತು ಒತ್ತುವ ಕೆಲಸ ನಡೆಯುತ್ತದೆ.

ನಡುಕೋಣೆಯಲ್ಲಿ ಹೊಲಿಗೆಯ ಕೆಲಸ ನಡೆಯುತ್ತದೆ.

ಒಲೆಯ ಮೇಲೆ ಅಂಟು ಕಾಯಿಸಲಾಗುತ್ತದೆ.

ಹಿಂದಿನ ಕೋಣೆಯಲ್ಲಿ ಅಮ್ಮ...